ಎರಡಾಳು ಎತ್ತರ

ಸುಲ್ತಾನ್‌ಪೇಟೆಯ ಎರಡನೇ ಮಹಡಿ. ಕೆಳಗೆ
ಲಗ್ನಪತ್ರಿಕೆ ಅಂಗಡಿಗಳು, ಮೇಲೆ ನಮ್ಮ ಪ್ರೆಸ್ಸು.
ಮೇಜಿನ ಮೇಲೆ ಕರಡು, ನೂರಾ ಹನ್ನೆರಡು ಪುಟ,
ಯಾವುದೋ ಶಾಲೆಯ ಸುವರ್ಣ ಸಂಚಿಕೆ.
ಮೂವತ್ತೇಳರಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು
ಮುನಿವೆಂಕಟಪ್ಪನವರು ಬರೆಯುತ್ತಾರೆ:
‘ನಮ್ಮ ಆಕಾಶಮಲ್ಲಿಗೆ ಮರ ಬಾವುಟದ ಕಂಬಕ್ಕಿಂತ
ಎರಡಾಳು ಎತ್ತರ ಇದೆ.’

ಮರ ಇಲ್ಲ. ಮೆಟ್ರೋ ಕೆಲಸಕ್ಕೆ ರಸ್ತೆ ಹಿಗ್ಗಿದಾಗ
ಹೋಯಿತೆಂದು ಮುಂದಿನ ಪ್ಯಾರಾದಲ್ಲಿ ಅವರೇ ಬರೆದಿದ್ದಾರೆ.
ಕಂಬ ಇದೆ.
ಕೆಂಪು ಪೆನ್ನಿನಲ್ಲಿ ‘ಇದೆ’ ಹೊಡೆದೆ, ‘ಇತ್ತು’ ಬರೆದೆ.
ಓದಿ ನೋಡಿದೆ.
ಮರದ ಜೊತೆ ಕಂಬವೂ ಹೋದ ಹಾಗೆ ಕೇಳಿಸಿತು.
ಇಲ್ಲವೇ, ಮರ ಇನ್ನೂ ಅಲ್ಲೇ ನಿಂತಿದ್ದು
ಕಂಬ ಈಚೆಗೆ ಚಿಗುರಿ ಅದನ್ನು ಮೀರಿಸಿದ ಹಾಗೆ.

‘ಇರುತ್ತಿತ್ತು’ ಎನ್ನಲೆ? ಮರವೇನು ದಿನಾ ಬೆಳಿಗ್ಗೆ
ಪ್ರಾರ್ಥನೆಯ ಗಂಟೆಗೆ ಬಂದು ನಿಂತು ಹೋಗುತ್ತಿತ್ತೆ?
‘ಇದ್ದೀತು’ ಎಂದರೆ ಅಳೆದವರ ಮೇಲೆ ಅನುಮಾನ.
‘ಇದ್ದಿದ್ದರೆ’ ಎಂದು ಶುರುಮಾಡಿದರೆ
ಆ ವಾಕ್ಯ ಮುಗಿಯುವುದು ಹೈಕೋರ್ಟಿನಲ್ಲಿ.

ಫೋನು ಮಾಡಿದೆ.
‘ಸಾರ್, ಇದೆ ಅಂತ ಬರೆದಿದ್ದೀರಿ. ಮರ ಇಲ್ವಲ್ಲ?’
‘ಕಂಬ ಇದೆಯಲ್ಲಮ್ಮಾ.’
‘ಎತ್ತರ ಅಂತ ಹೇಳ್ತಿರೋದು ಕಂಬಾನ ಅಲ್ಲ ಸಾರ್, ಮರಾನ.’
‘ಅಳೆದೋನು ನಾನು. ನಾನಿದ್ದೀನಲ್ಲ.’
ಇಟ್ಟುಬಿಟ್ಟರು.

ಟೀ ಹುಡುಗನನ್ನು ಕೂಗಿದೆ. ‘ಬಂದೆ ಅಕ್ಕಾ, ಬಂದೆ!’
ಕಾಲು ಗಂಟೆಯಾಯಿತು, ಬಂದಿಲ್ಲ.
ಈ ಊರಲ್ಲಿ ಬಾರದವನು ಬಂದೆ ಅನ್ನುತ್ತಾನೆ,
ಹೋಗುವವಳು ಬರ್ತೀನಿ ಅನ್ನುತ್ತಾಳೆ,
ಇನ್ನೂ ಎರಡು ಸಿಗ್ನಲ್ ಇರುವಾಗಲೇ ಕಂಡಕ್ಟರು
‘ಕಾರ್ಪೊರೇಷನ್ ಬಂತು, ಎದ್ದೇಳಿ’ ಅನ್ನುತ್ತಾನೆ.
ಯಾರೂ ದಾರಿ ತಪ್ಪಿಲ್ಲ.
ಕಾಲ ತಿದ್ದಲು ಸಂಬಳ ಪಡೆಯುವವಳು ನಾನೊಬ್ಬಳೇ.

ಹೋದ ವಾರ ಮಿಂಟೋ ಆಸ್ಪತ್ರೆಯಲ್ಲಿ
ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ
ಡಾಕ್ಟರು ಗಾಜು ಬದಲಿಸಿ ಕೇಳಿದರು:
‘ಇದು ಚೆನ್ನಾಗಿದೆಯಾ, ಮೊದಲಿಂದು ಚೆನ್ನಾಗಿತ್ತಾ?’
ಇದು ಕಣ್ಣ ಮುಂದೆ. ಅದು ಅವರ ಬೆರಳ ಸಂದಿಯಲ್ಲಿ.
ಇನ್ನೊಂದು ಸಲ ಅದನ್ನು ಹಾಕಿ, ಅಂದೆ.
ಹಾಕಿದರು. ಅದು ಇದಾಯಿತು, ಇದು ಅದಾಯಿತು.
ಎರಡರಲ್ಲೂ ಒಟ್ಟಿಗೆ ನೋಡಿದವರು ಯಾರು?
ಒಂದರಲ್ಲಿ ನೋಡುತ್ತೇವೆ, ಇನ್ನೊಂದನ್ನು ನಂಬುತ್ತೇವೆ.
‘ಮೊದಲಿಂದೇ ಇರಲಿ ಡಾಕ್ಟ್ರೇ’ ಅಂದೆ, ಸಾಲಿನಲ್ಲಿ
ನನ್ನ ಹಿಂದೆ ಇಪ್ಪತ್ತು ಜನ ಇದ್ದರು.
ಇಪ್ಪತ್ತೆಂಟರ ವಯಸ್ಸಿನಲ್ಲಿ, ತಪ್ಪಿದ ಒತ್ತಕ್ಷರಗಳು
ಅಕ್ಕಿಯೊಳಗಿನ ಕಲ್ಲಿನಂತೆ ತಾವೇ ಸಿಗುತ್ತಿದ್ದವು.
ಆಗಿನ ನನಗಿಂತ ಈಗಿನ ನಾನು
ನಿಧಾನ
ಇದ್ದೇನೋ, ಆಗಿದ್ದೇನೋ, ಹೋಗಲಿ.

ಕೆಳಗಿನಿಂದ ಪಾರಸಮಲ್ಲರ ದನಿ ಮೆಟ್ಟಿಲು ಹತ್ತಿ ಬಂತು.
ಹೆಣ್ಣಿನ ಕಡೆಯವರು ಚೌಕಾಸಿ ಮಾಡುತ್ತಿದ್ದಾರೆ:
‘ಹೋದ ವರ್ಷಕ್ಕಿಂತ ಈ ವರ್ಷ ಕಾಗದ ದುಬಾರಿ ಸ್ವಾಮಿ.’
ಅಷ್ಟೇ. ಇದೆ ಇಲ್ಲ, ಇತ್ತು ಇಲ್ಲ.
ಎರಡು ವರ್ಷ ಎದುರುಬದುರು ಕೂತಿವೆ,
ನಡುವೆ ‘ಇಂತ’ ಒಂದೇ, ತಕ್ಕಡಿಯ ಮುಳ್ಳು.
ಮಾರ್ವಾಡದಿಂದ ಬಂದ ಮನೆತನ, ವ್ಯಾಕರಣ ಓದಿದವರಲ್ಲ.

‘ಇತ್ತು’ ಹೊಡೆದೆ. ಪಕ್ಕದಲ್ಲಿ ಏನೂ ಬರೆಯಲಿಲ್ಲ.
ಎತ್ತರದ ಮುಂದೆ ಚುಕ್ಕಿ ಇಟ್ಟೆ.

ತಿದ್ದುಪಡಿ ಹಾಕುತ್ತಿದ್ದ ನಸ್ರೀನ್ ಕೀಲಿಮಣೆ ನಿಲ್ಲಿಸಿದಳು:
‘ಮೇಡಂ, ಮೂವತ್ತೇಳರಲ್ಲಿ ಕ್ರಿಯಾಪದ ಬಿಟ್ಟುಹೋಗಿದೆ.’
‘ಬಿಟ್ಟುಹೋಗಿಲ್ಲಮ್ಮಾ. ಬಿಟ್ಟಿದ್ದೀನಿ.’
ಅವಳು ತುಟಿಯಲ್ಲೇ ಓದಿಕೊಂಡಳು, ಎರಡು ಸಲ.
ಆಮೇಲೆ ಕಿಟಕಿಯ ಕಡೆ ತಿರುಗಿ,
ಅಲ್ಲಿ ವೈರುಗಳು, ನೀರಿನ ಟ್ಯಾಂಕು, ಅಷ್ಟೇ ಇರುವಲ್ಲಿ,
ಕತ್ತು ಎತ್ತಿದಳು
ಎರಡಾಳಿನಷ್ಟು.